ಒಂದು ಹಳೇ ವಿಟೆಕ್, ನಾಲ್ಕು ಅಡಿಕೆ ಕೊಯ್ಲು

ನವೆಂಬರ್ ಕೊನೆ. ಹೊಸನಗರದ ಕಡೆ ಯಾವ ಅಡಿಕೆ ಮನೆಗೆ ಹೋದರೂ ರಾತ್ರಿ ಹತ್ತಾದರೂ ಅಂಗಳದ ದೀಪ ಆರಿರುವುದಿಲ್ಲ. ಚಪ್ಪರದಡಿ ಮೆಟ್ಟುಗತ್ತಿಯ ಮುಂದೆ ಕೂತವರ ಕೈ ಓಡುತ್ತಿರುತ್ತದೆ. ಪಕ್ಕದ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಚೊಗರಿನ ವಾಸನೆ ಒಳಮನೆಯ ಬಟ್ಟೆಗೂ ಹತ್ತಿರುತ್ತದೆ. ಅಷ್ಟರಲ್ಲಿ ಕೆಳಗಿನ ಏರಿನಲ್ಲಿ ಕಾರೊಂದು ಗೇರ್ ಇಳಿಸಿದ ಸದ್ದು. ಮೊದಲು ಗೊಣಗುತ್ತಿದ್ದ ಎಂಜಿನ್ ತಿರುವು ದಾಟುತ್ತಲೇ ದನಿ ಬದಲಿಸಿ ತಾರಕಕ್ಕೆ ಏರುತ್ತದೆ. ಸುಲಿಯುತ್ತಿದ್ದ ಹುಡುಗರಲ್ಲೊಬ್ಬ ತಲೆ ಎತ್ತದೆ ಹೇಳುತ್ತಾನೆ: ‘ವಿಟೆಕ್ ಬಂತು.’

ಸದ್ದಿನಿಂದಲೇ ಗಾಡಿ ಗುರುತಿಸುವುದು ಮಲೆನಾಡಿನ ಹಳೆಯ ಅಭ್ಯಾಸ. ತಿರುವಿನಾಚೆ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಕಿವಿಗೇ ಮೊದಲು ತಿಳಿಯುತ್ತದೆ. ಸಂಜೆಯ ಬಸ್ಸು, ಪಕ್ಕದ ಮನೆಯ ಜೀಪು, ಡಾಕ್ಟರ ಕಾರು ಎಲ್ಲಕ್ಕೂ ಒಂದೊಂದು ಸದ್ದು. ಆ ಪಟ್ಟಿಗೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಸೇರಿಕೊಂಡದ್ದು ಹಳೇ ಜಪಾನಿ ಕಾರುಗಳ ಸದ್ದು. ಹೊಸ ಕಾರು ಕೊಳ್ಳುವ ದುಡ್ಡಿದ್ದರೂ ಇಪ್ಪತ್ತು ವರ್ಷ ಓಡಿದ ಹೋಂಡಾ ಸಿಟಿಯನ್ನೋ ಲ್ಯಾನ್ಸರನ್ನೋ ಜಿಪ್ಸಿಯನ್ನೋ ಹುಡುಕಿ ತಂದು, ವರ್ಷಕ್ಕೊಂದು ಕೆಲಸದಂತೆ ತಿದ್ದಿಸಿಕೊಳ್ಳುವ ಜನ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಈಗ ವಿರಳವೇನಲ್ಲ. ‘ಈ ಗುಜರಿಗೆ ಯಾಕಿಷ್ಟು ಖರ್ಚು?’ ಎಂದು ಮನೆಯವರು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಲು ಕಾರಿನ ಕಥೆಯ ಜತೆಗೆ ಮಳೆ, ಘಾಟಿ, ಅಡಿಕೆ ಧಾರಣೆ, ಕಾನೂನು ಎಲ್ಲವನ್ನೂ ಹೇಳಬೇಕಾಗುತ್ತದೆ.

ಆಸೆ ಹುಟ್ಟಿದ್ದು ಎಲ್ಲಿ?

ಜಪಾನಿ ಎಂಜಿನ್ ನಮ್ಮ ಹೆಬ್ಬಾಗಿಲಿಗೆ ಬಂದದ್ದು 1983ರ ಡಿಸೆಂಬರಿನಲ್ಲಿ, ಮಾರುತಿ 800ರ ಜತೆ. 796 ಸಿ.ಸಿ.ಯ ಆ ಪುಟ್ಟ ಸುಜುಕಿ ಎಂಜಿನ್ ಬೆಳಿಗ್ಗೆ ಒಂದೇ ಕೀಲಿಗೆ ಚಾಲೂ ಆಗುತ್ತಿತ್ತು. ಮಳೆಗಾಲದ ಬೆಳಿಗ್ಗೆ ಕಾರು ತಳ್ಳಿ ತಳ್ಳಿ ಸೋತಿದ್ದವರಿಗೆ ಅದೊಂದೇ ಸಾಕಾಗಿತ್ತು. ಎರಡು ವರ್ಷ ಕಳೆದು, 1985ರ ಕೊನೆಗೆ ಜಿಪ್ಸಿ ಬಂತು. ಜೀಪಿನಷ್ಟೇ ಧೈರ್ಯ, ಜೀಪಿಗಿಂತ ಬಹಳ ಹಗುರ ಮೈ. ತೋಟದ ಕೆಸರಿನಲ್ಲಿ ಭಾರದ ಗಾಡಿ ಹೂತುಕೊಳ್ಳುವಲ್ಲಿ ಜಿಪ್ಸಿ ಮೇಲೆಮೇಲೆ ತೇಲಿಕೊಂಡು ಹೋಗುತ್ತದೆ. ಅರಣ್ಯ ಇಲಾಖೆ, ಸೇನೆ, ರ‍್ಯಾಲಿಯವರು, ಎಸ್ಟೇಟಿನವರು ಎಲ್ಲರೂ ಅದನ್ನೇ ಬಯಸಿದ್ದು ಇದಕ್ಕೇ.

ಆದರೆ ವೇಗದ ಆಸೆ ಬೇರೆ. ಅದು ಹುಟ್ಟಿದ್ದು 1998ರ ನಂತರ. ಆ ವರ್ಷ ಹೋಂಡಾ ಸಿಟಿಯೂ ಮಿತ್ಸುಬಿಷಿ ಲ್ಯಾನ್ಸರೂ ಭಾರತದ ಮಾರುಕಟ್ಟೆಗೆ ಬಂದವು. ಅದೇ ಹೊತ್ತಿಗೆ ಸಾಗರ, ತೀರ್ಥಹಳ್ಳಿಗಳಲ್ಲಿ ಸೈಬರ್ ಸೆಂಟರ್ ಬಂದವು, ಮನೆಗೆ ಕೇಬಲ್ ಬಂತು. ವಿಶ್ವ ರ‍್ಯಾಲಿಯಲ್ಲಿ 1996ರಿಂದ 99ರವರೆಗೆ ಸತತ ನಾಲ್ಕು ವರ್ಷ ಫಿನ್ಲೆಂಡಿನ ಟಾಮಿ ಮ್ಯಾಕಿನೆನ್ ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ನಿನಲ್ಲಿ ಚಾಂಪಿಯನ್ ಆದ. ಸಾಗರದ ಹುಡುಗನಿಗೆ ಅದು ದೂರದ ಕಥೆ ಎನಿಸಲಿಲ್ಲ. ಅದೇ ಹೆಸರಿನ ಕಾರು ಮದುವೆ ಮನೆಯ ಮುಂದೆ ನಿಂತಿರುತ್ತಿತ್ತು. ಮಣ್ಣಿನ ರಸ್ತೆಯಲ್ಲಿ, ಮಳೆಯಲ್ಲಿ, ಮರಗಳ ನಡುವೆ ಕಾರು ಓಡುವುದೇ ರ‍್ಯಾಲಿ ಎಂದರೆ ಅವನು ದಿನಾ ಶಾಲೆಗೆ ಹೋಗುವ ದಾರಿಯೂ ಅದೇ ಅಲ್ಲವೇ?

ಜಪಾನಿನಲ್ಲಿ ಬೆಟ್ಟದ ಹಾದಿಗೆ ‘ತೋಗೆ’ ಎನ್ನುತ್ತಾರೆ. ಗುನ್ಮಾ ಪ್ರಾಂತ್ಯದ ಬೆಟ್ಟದ ತಿರುವುಗಳಲ್ಲಿ ಹಳೆಯ ಟೊಯೊಟಾ ಓಡಿಸುವ ಹುಡುಗನೊಬ್ಬನ ಕಥೆಯನ್ನು ಶುಇಚಿ ಶಿಗೆನೊ 1995ರಿಂದ ‘ಇನಿಷಿಯಲ್ ಡಿ’ ಎಂಬ ಕಾಮಿಕ್ಸ್ ಆಗಿ ಬರೆದ. ಹುಡುಗನ ಅಪ್ಪನದು ತೋಫು ಅಂಗಡಿ. ಬೆಳಗಿನ ಜಾವ ತೋಫು ಸಾಗಿಸುತ್ತ ಸಾಗಿಸುತ್ತ ಅವನಿಗೆ ತಿರುವುಗಳು ಕರಗತವಾಗುತ್ತವೆ. ಬೆಳಗಿನ ಜಾವ ಡೇರಿಗೆ ಹಾಲಿನ ಕ್ಯಾನ್ ಸಾಗಿಸುತ್ತ ಓಮ್ನಿ ಓಡಿಸಲು ಕಲಿತ ನಮ್ಮ ಕಡೆಯ ಹುಡುಗರು ಆ ಕಥೆಯಲ್ಲಿ ತಮ್ಮನ್ನೇ ಕಂಡರೆ ಅಚ್ಚರಿಯಿಲ್ಲ.

ಪರದೆಯ ಮೇಲೆ ಕಂಡ ಸ್ಕೈಲೈನ್, ಸುಪ್ರಾದಂಥ ಜಪಾನಿ ಕಾರುಗಳು ಮಾತ್ರ ಪರದೆಯ ಮೇಲೇ ಉಳಿದವು. ಹೊರದೇಶದ ಹಳೆಯ ಕಾರು ತರಿಸಿಕೊಳ್ಳಲು ನಮ್ಮ ನಿಯಮ ಬಲು ಬಿಗಿ: ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಬದಿಗಿರಬೇಕು, ಮೇಲೆ ಕಾರಿನ ಬೆಲೆಯನ್ನೂ ಮೀರಬಹುದಾದ ಸುಂಕ. ತೊಂಬತ್ತರ ದಶಕದ ಜಪಾನಿ ಕಾರು ಮೂರು ವರ್ಷದ ಗೆರೆ ದಾಟಿ ಎಷ್ಟೋ ಕಾಲವಾಯಿತು. ಹೀಗಾಗಿ ನಮ್ಮ ಪಾಲಿಗೆ ಜಪಾನಿ ವೇಗದ ಕಾರು ಎಂದರೆ ಇಲ್ಲೇ ತಯಾರಾಗಿ, ಇಲ್ಲೇ ನೋಂದಣಿಯಾಗಿ, ಇಲ್ಲಿನ ಮಳೆ ಕುಡಿದ ಬೆರಳೆಣಿಕೆಯ ಮಾದರಿಗಳು. ಅವುಗಳಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು 2000ದಲ್ಲಿ ಬಂದ ಸಿಟಿ ವಿಟೆಕ್.

ಒಂದು ಎಂಜಿನ್, ಎರಡು ಉಸಿರು

ವಿಟೆಕ್ ಎಂದರೇನು? ಹಿಂದಿನ ಗಾಜಿನ ಮೇಲೆ ಅಂಟಿಸುವ ಹೆಸರು ಎಂದಷ್ಟೇ ತಿಳಿದವರು ಬಹಳ.

ಎಂಜಿನ್ ಉಸಿರಾಡುವುದು ವಾಲ್ವ್‌ಗಳ ಮೂಲಕ. ಕ್ಯಾಮ್ ಶಾಫ್ಟ್ ಎಂಬ ಸರಳಿನ ಮೇಲಿರುವ ಉಬ್ಬುಗಳು ತಿರುಗುತ್ತ ವಾಲ್ವ್‌ಗಳನ್ನು ಒತ್ತಿ ತೆರೆಯುತ್ತವೆ. ಉಬ್ಬು ಚಿಕ್ಕದಿದ್ದರೆ ವಾಲ್ವ್ ಸ್ವಲ್ಪವೇ ತೆರೆಯುತ್ತದೆ: ನಿಧಾನಕ್ಕೆ ಹೋಗುವಾಗ ಹಿತ, ಪೆಟ್ರೋಲೂ ಉಳಿಯುತ್ತದೆ. ಆದರೆ ಎಂಜಿನ್ ಜೋರಾಗಿ ತಿರುಗುವಾಗ ಉಸಿರು ಸಾಲದೆ ಏದುಸಿರು ಬಿಡುತ್ತದೆ. ಉಬ್ಬು ದೊಡ್ಡದಿದ್ದರೆ ಮೇಲಿನ ವೇಗದಲ್ಲಿ ಅಬ್ಬರ, ಸಂತೆಬೀದಿಯಲ್ಲಿ ಮುಗ್ಗರಿಕೆ. ಸಾಮಾನ್ಯ ಎಂಜಿನ್ ತಯಾರಿಸುವವರು ಎರಡರ ನಡುವೆ ಎಲ್ಲೋ ಒಂದು ಕಡೆ ರಾಜಿಯಾಗಬೇಕಿತ್ತು.

ಹೋಂಡಾದವರು ಎರಡೂ ಬಗೆಯ ಉಬ್ಬುಗಳನ್ನು ಒಂದೇ ಸರಳಿನ ಮೇಲೆ ಕೂರಿಸಿದರು. ಅಕ್ಕಪಕ್ಕ ಚಿಕ್ಕವು, ನಡುವೆ ದೊಡ್ಡದು. ಸಾಮಾನ್ಯ ಓಟದಲ್ಲಿ ನಡುವಿನದು ಸುಮ್ಮನೆ ತಿರುಗುತ್ತಿರುತ್ತದೆ, ಅದರ ಒತ್ತು ವಾಲ್ವಿಗೆ ತಾಗುವುದಿಲ್ಲ. ನಿಮಿಷಕ್ಕೆ ಸುಮಾರು ಐದು ಸಾವಿರ ಸುತ್ತಿನ ಹತ್ತಿರ ಬಂದಾಗ ಎಂಜಿನ್ ಆಯಿಲ್‌ನ ಒತ್ತಡ ಒಂದು ಪುಟ್ಟ ಪಿನ್ನನ್ನು ತಳ್ಳುತ್ತದೆ. ಉಬ್ಬಿಗೂ ವಾಲ್ವಿಗೂ ನಡುವೆ ಬಿಡಿಬಿಡಿಯಾಗಿದ್ದ ತೋಳುಗಳು ಒಂದಕ್ಕೊಂದು ಬೆಸೆದುಕೊಂಡು ದೊಡ್ಡ ಉಬ್ಬಿನ ಹಿಡಿತಕ್ಕೆ ಬರುತ್ತವೆ. ತೋಟದ ಕಾದಿಗೆಗೆ ಎರಡು ತೂಬು ಇಟ್ಟ ಹಾಗೆ. ಬೇಸಿಗೆಗೆ ಸಣ್ಣದು, ನೆರೆಗೆ ದೊಡ್ಡದು. ಅಂಗಳದ ಹುಡುಗ ಕಿವಿಯಲ್ಲೇ ಹಿಡಿದದ್ದು ಈ ದೊಡ್ಡ ತೂಬು ತೆರೆದ ಕ್ಷಣವನ್ನು.

1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ಈ ತಂತ್ರ ಮೊದಲು ಬಂದಾಗ 1.6 ಲೀಟರ್ ಎಂಜಿನ್ 160 ಅಶ್ವಶಕ್ತಿ ಕೊಟ್ಟಿತು. ಟರ್ಬೊ ಇಲ್ಲದೆ ಲೀಟರಿಗೆ ನೂರು ಎಂಬುದು ಆಗ ದೊಡ್ಡ ಮಾತು. ನಮ್ಮ ಸಿಟಿಯದು ಅಷ್ಟು ಉಗ್ರ ರೂಪವಲ್ಲ, 1.5 ಲೀಟರಿಗೆ 106 ಅಶ್ವಶಕ್ತಿ. ಹಾಗಿದ್ದೂ ಮೈಹಗುರದ ಕಾರಿಗೆ ಅದು ಧಾರಾಳ. 2003ರಲ್ಲಿ ಹೊಸ ಸಿಟಿ ಬಂದಾಗ ಮೈಲೇಜಿಗೆ ಒತ್ತು ಕೊಟ್ಟು ಎಂಜಿನ್ ಶಕ್ತಿಯನ್ನು 77ಕ್ಕೆ ಇಳಿಸಿದರು. ಅಂದಿನಿಂದ ಹಳೇ ವಿಟೆಕ್ ಹುಡುಕಾಟದ ವಸ್ತುವಾಯಿತು. ಮೂರೇ ವರ್ಷ ಚಿಲ್ಲರೆ ತಯಾರಾದ ಕಾರು ಇಪ್ಪತ್ತು ವರ್ಷ ಕಳೆದರೂ ಮಾತಿನಲ್ಲಿ ಉಳಿದದ್ದು ಹೀಗೆ.

ಕೊಳ್ಳುವ ಮುನ್ನ ಮಂಡಿಯೂರಿ

ನಾನು 2002ರ ವಿಟೆಕ್ ಕೊಂಡದ್ದು 2022ರ ಆರಂಭದಲ್ಲಿ, ಆ ಸಲದ ಅಡಿಕೆ ಮಂಡಿಗೆ ಹೋಗಿ ದುಡ್ಡು ಕೈಗೆ ಬಂದ ಮೇಲೆ. ಕಾಲೇಜಿನಲ್ಲಿದ್ದಾಗ ನೋಡಿದ ಕಾರು. ಕೊಳ್ಳುವ ಹೊತ್ತಿಗೆ ಕಾರಿಗೆ ಇಪ್ಪತ್ತು ತುಂಬುತ್ತ ಬಂದಿತ್ತು. ಮಲೆನಾಡಿನಲ್ಲಿ ಹಳೆಯ ಕಾರು ಕೊಳ್ಳುವವರು ನೋಡಬೇಕಾದ್ದನ್ನು ನಾನು ಅರ್ಧ ತಿಳಿದೂ ಅರ್ಧ ದುಡ್ಡು ತೆತ್ತೂ ಕಲಿತೆ.

ಬಣ್ಣ ನೋಡಬೇಡಿ. ಮಂಡಿಯೂರಿ ಅಡಿ ನೋಡಿ. ವರ್ಷಕ್ಕೆ ನಾಲ್ಕೈದು ತಿಂಗಳು ಒಣಗದ ಊರಿನಲ್ಲಿ ತುಕ್ಕು ಮೇಲಿನಿಂದ ಬರುವುದಿಲ್ಲ. ಚಕ್ರದ ಕಮಾನಿನ ಒಳಮಡಿಕೆಯಲ್ಲಿ, ಕಾಲಡಿಯ ಮ್ಯಾಟಿನ ಕೆಳಗೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಹುಟ್ಟುತ್ತದೆ. ಸ್ಟೆಪ್ನಿ ಎತ್ತಿ ಕೈಯಾಡಿಸಿ, ನೀರಿನ ಪಸೆ ಇದ್ದರೆ ಎಲ್ಲಿಂದ ಬಂತು ಎಂದು ಹುಡುಕಿ. ಕುಂದಾಪುರ, ಉಡುಪಿ ಕಡೆ ಓಡಿದ ಕಾರಾದರೆ ಉಪ್ಪುಗಾಳಿಯ ಪೆಟ್ಟೂ ಸೇರಿರುತ್ತದೆ. ಕೊಟ್ಟಿಗೆಯಲ್ಲೋ ಅಡಿಕೆ ಗೋದಾಮಿನಲ್ಲೋ ವರ್ಷಗಟ್ಟಲೆ ನಿಂತ ಕಾರಾದರೆ ಇಲಿ ವೈರ್ ಕಡಿದಿದೆಯೇ ನೋಡಿ. ಕಡಿದ ವೈರಿಗೆ ಟೇಪು ಸುತ್ತಿ ಮಾರುವುದು ಹೊಸದಲ್ಲ.

ಎರಡನೆಯದು ಟೈಮಿಂಗ್ ಬೆಲ್ಟ್. ಇದು ರಬ್ಬರಿನದು, ಓಡಿದ ಕಿಲೋಮೀಟರಿನಷ್ಟೇ ಕಳೆದ ವರ್ಷಗಳೂ ಅದನ್ನು ಸವೆಸುತ್ತವೆ. ತುಂಡಾದರೆ ಪಿಸ್ಟನ್ ಬಂದು ವಾಲ್ವಿಗೆ ಬಡಿದು ಎಂಜಿನ್ ಹಾಳಾಗುತ್ತದೆ. ಯಾವಾಗ ಬದಲಿಸಿದ್ದು ಎಂಬ ರಸೀದಿ ಮಾರುವವರ ಬಳಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ. ನನಗೆ ಮಾರಿದವರು ‘ಮೊನ್ನೆ ಹಾಕ್ಸಿದ್ದು’ ಎಂದಿದ್ದರು. ಮುಚ್ಚಳ ಬಿಚ್ಚಿದಾಗ ಬೆಲ್ಟಿನ ಬೆನ್ನಿನ ಮೇಲೆ ಗೆರೆಗೆರೆಯಾಗಿ ಬಿರುಕು.

ಕಾಗದಪತ್ರದ ಮಾತು. ಸಾಗರದ ಕೆಎ–15, ಶಿವಮೊಗ್ಗದ ಕೆಎ–14 ಗಾಡಿಯಾದರೆ ಫಾರಂ 29, 30ರಲ್ಲಿ ಹೆಸರು ಬದಲಾಗುತ್ತದೆ. ಹೊರರಾಜ್ಯದ್ದಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರವಿಲ್ಲದೆ ಮುಂಗಡ ಕೊಡಲೇಬೇಡಿ. ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಆ ಶುಲ್ಕ 2022ರ ಏಪ್ರಿಲ್‌ನಲ್ಲಿ ₹600ರಿಂದ ₹5,000ಕ್ಕೆ ಏರಿತು. ನನ್ನ ಕಾರಿನ ಗಡುವು ಬಂದದ್ದು ಅದೇ ವರ್ಷದ ಮಳೆಗಾಲದಲ್ಲಿ. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದು ₹10,000 ಆಯಿತು. ಹಳೆಯ ಕಾರನ್ನು ಪ್ರೀತಿಸುವವರು ಈ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು.

ಮೊದಲ ಕೊಯ್ಲು: ಕಣ್ಣಿಗೆ ಕಾಣದ ಕೆಲಸ

ಕಾರು ತಂದ ವಾರವೇ ಸೈಲೆನ್ಸರ್ ಬದಲಿಸಬೇಕು ಎಂದು ನನಗೆ ತವಕ. ಇಪ್ಪತ್ತು ವರ್ಷದಿಂದ ಈ ಎಂಜಿನ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತಿ ನೋಡಿ, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದ್ದು ಇಷ್ಟೆ: ‘ಮೊದ್ಲು ಇದರ ಆರೋಗ್ಯ ಸರಿ ಮಾಡ್ಕಳಿ ಮಾರಾಯ್ರೆ. ಶೋಕಿ ಆಮೇಲೆ.’

ಅವನು ಬಿಚ್ಚಿ ತೋರಿಸಿದ್ದು ವಿಟೆಕ್ ಸೊಲೆನಾಯ್ಡ್. ಎಂಜಿನ್ ತಲೆಯ ಪಕ್ಕಕ್ಕೆ ಅಂಟಿಕೊಂಡು, ಆ ಪುಟ್ಟ ಪಿನ್ನಿಗೆ ಆಯಿಲ್ ಬಿಡುವ ಮುಷ್ಟಿ ಗಾತ್ರದ ಭಾಗ. ಮೂರು ಬೋಲ್ಟ್ ತೆಗೆದ ಮೇಲೆ ಕೈಗೆ ಬಂದ ಗ್ಯಾಸ್ಕೆಟ್ಟಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಜಾಲರಿ. ಆಯಿಲ್ ಅದರ ಮೂಲಕವೇ ಸೋಸಿ ಹೋಗಬೇಕು. ಜಾಲರಿಯ ಒಂದು ಕಣ್ಣೂ ಕಾಣುತ್ತಿರಲಿಲ್ಲ. ಕಾಡಿಗೆಯಂಥ ಕರಿ ಅಂಟು ಹಿಡಿದಿತ್ತು. ಆಯಿಲ್ ಒತ್ತಡ ಪಿನ್ನಿಗೆ ಮುಟ್ಟುತ್ತಲೇ ಇರಲಿಲ್ಲ. ಅಂದರೆ ನಾನು ಎರಡು ದಶಕ ಆಸೆಪಟ್ಟು ಕೊಂಡ ವಿಟೆಕ್ಕಿನಲ್ಲಿ ವಿಟೆಕ್ಕೇ ಕೆಲಸ ಮಾಡುತ್ತಿರಲಿಲ್ಲ. ಹೊಸ ಗ್ಯಾಸ್ಕೆಟ್, ಒಳ್ಳೆಯ ಆಯಿಲ್, ಅಷ್ಟೇ. ಅವತ್ತು ಸಂಜೆ ಆನಂದಪುರದ ಕಡೆಯ ಏರಿನಲ್ಲಿ ಮುಳ್ಳು ಐದು ಸಾವಿರ ದಾಟಿದಾಗ ದನಿ ಬದಲಾಯಿತು. ಆ ಸದ್ದು ಕೇಳಲು ನಾನು ಕಾದ ವರ್ಷಗಳು ಒಮ್ಮೆಲೇ ಕಣ್ಣ ಮುಂದೆ ಬಂದವು. ಗಾಡಿ ಬದಿಗೆ ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಬೆಲ್ಟ್, ನೀರಿನ ಪಂಪ್, ಎಂಜಿನ್ ಮೌಂಟ್, ರಬ್ಬರ್ ಬುಷ್‌ಗಳು. ಮೊದಲ ವರ್ಷದ ದುಡ್ಡೆಲ್ಲ ಇದಕ್ಕೇ ಹೋಯಿತು. ಶಿವಮೊಗ್ಗದ ಆಟೊ ಕಾಂಪ್ಲೆಕ್ಸಿನಲ್ಲಿ ಸಿಗದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಅಲ್ಲೂ ಸಿಗದ್ದು ಶಿವಾಜಿನಗರದ ಗುಜರಿಯಲ್ಲಿ. ಬಿಡಿಭಾಗ ಸಂಜೆ ಬೆಂಗಳೂರಿನಲ್ಲಿ ಬಸ್ಸು ಹತ್ತಿದರೆ ಬೆಳಿಗ್ಗೆ ಸಾಗರಕ್ಕೆ ಪಾರ್ಸೆಲ್ಲಾಗಿ ಬಂದಿಳಿಯುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಅದಕ್ಕೆ ಕಾಯುವ ಖುಷಿ ಈ ಹುಚ್ಚು ಹಿಡಿದವರಿಗೇ ಗೊತ್ತು.

ಘಾಟಿಯಲ್ಲಿ ಕುದಿಯುವುದು ಏನು?

ಈ ಕಡೆ ಕಾರು ತಿದ್ದಲು ಹೊರಟವರು ಎಂಜಿನ್ನಿಗಿಂತ ಮೊದಲು ಬ್ರೇಕು ನೋಡಬೇಕು ಎಂದು ನಾನು ಹೇಳುವುದು ಬುದ್ಧಿವಾದಕ್ಕಲ್ಲ. ಅದರ ಹಿಂದೆ ಸರಳ ವಿಜ್ಞಾನವಿದೆ.

ಕಾಲಿನಿಂದ ಪೆಡಲ್ ಒತ್ತಿದಾಗ ಆ ಒತ್ತಡವನ್ನು ಚಕ್ರಕ್ಕೆ ಒಯ್ಯುವುದು ಬ್ರೇಕ್ ಆಯಿಲ್. ಅದರ ಗುಣವೇ ತೇವ ಹೀರುವುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ. ಹುಲಿಕಲ್ ಕೂಡ ಕಡಿಮೆಯಿಲ್ಲ. ಇಂಥ ಗಾಳಿಯಲ್ಲಿ ಎರಡು ಮಳೆಗಾಲ ಕಳೆದ ಬ್ರೇಕ್ ಆಯಿಲ್‌ಗೆ ನೀರಿನಂಶ ಸೇರಿರುತ್ತದೆ. ಮಾಮೂಲಿ ಡಾಟ್–3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಹಿಡಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್–4 ಆದರೆ 230 ಮತ್ತು 155.

ಈಗ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವುದನ್ನು ನೆನೆಸಿಕೊಳ್ಳಿ. ಹದಿನಾಲ್ಕು ಹಿಮ್ಮುರಿ ತಿರುವು. ಪ್ರತಿ ತಿರುವಿಗೂ ಬ್ರೇಕು. ಡಿಸ್ಕಿನ ಬಿಸಿ ಪ್ಯಾಡಿಗೆ, ಪ್ಯಾಡಿನಿಂದ ಆಯಿಲ್‌ಗೆ. ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಅದು ಬಲವನ್ನು ಮುಂದಕ್ಕೆ ದಾಟಿಸುತ್ತದೆ, ಗುಳ್ಳೆ ತಾನೇ ಕುಗ್ಗಿಬಿಡುತ್ತದೆ. ಪೆಡಲ್ ಒಮ್ಮೆಲೇ ಸ್ಪಂಜಿನಂತಾಗಿ ನೆಲ ಮುಟ್ಟುತ್ತದೆ. ಮಲೆನಾಡಿನ ಮಳೆಯೂ ಘಟ್ಟದ ಇಳಿಜಾರೂ ಸೇರಿ ಒಡ್ಡುವ ಅಪಾಯ ಇದು. ಬಯಲುಸೀಮೆಯ ಕಾರಿಗೆ ಇಷ್ಟಿಲ್ಲ. ಡಾಟ್–4 ಆಯಿಲ್ ಹಾಕಿಸಿ, ಮಳೆಗಾಲ ಮುಗಿದ ಮೇಲೆ ಬದಲಿಸಿ, ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ. ಕೆಲವು ನೂರು ರೂಪಾಯಿಯ ಕೆಲಸ, ಯಾರ ಕಣ್ಣಿಗೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಈ ಕಡೆಯ ಅತ್ಯುತ್ತಮ ಮಾರ್ಪಾಡು ಇದೇ.

ಬ್ರೇಕಿನ ನಂತರ ಟೈರು. ಸವೆತದ ಗುರುತು ಇರುವುದು 1.6 ಮಿಲಿಮೀಟರಿಗೆ, ಆ ಗುರುತಿನ ತನಕ ಕಾದರೆ ಜುಲೈ ತಿಂಗಳ ರಸ್ತೆಯ ನೀರನ್ನು ಟೈರು ಬಗೆಯಲಾರದು, ನೀರಿನ ಮೇಲೆ ಜಾರುತ್ತದೆ. ಅಗಲದ ಟೈರು ನೋಡಲು ಚೆಂದ, ಆದರೆ ಕಾರಿನ ತೂಕ ಅಷ್ಟೇ ಇರುವಾಗ ಅಗಲ ಹೆಚ್ಚಿದಷ್ಟೂ ನೀರಿನ ಮೇಲೆ ತೇಲುವುದೂ ಬೇಗ. ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆಯ ರಬ್ಬರ್ ಕೊಳ್ಳುವುದು ಜಾಣತನ.

ತಗ್ಗಿಸಿದ ಕಾರು, ಏರಿದ ಹಂಪು

ಜಪಾನಿ ಚಿತ್ರಗಳಲ್ಲಿ ಕಾರು ನೆಲಕ್ಕೆ ಅಂಟಿದಂತೆ ಇರುತ್ತದೆ. ಅದನ್ನು ನೋಡಿ ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವವರು ಇಲ್ಲೂ ಇದ್ದಾರೆ. ನನ್ನ ಕಾರಿನ ಹಿಂದಿನ ಯಜಮಾನರೂ ಹಾಗೇ ಮಾಡಿಸಿದ್ದರು. ಸಿಗಂದೂರಿನ ದೇವಸ್ಥಾನಕ್ಕೆ ಹೋಗುವಾಗ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾರು ಹತ್ತಿಸಬೇಕಿತ್ತು. ಲಾಂಚಿನ ಕಬ್ಬಿಣದ ತಟ್ಟು ದಡಕ್ಕೆ ತಾಗುವ ಕಡೆ ಒಂದು ಮುರಿ. ಕಾರು ಆ ಮುರಿ ಹತ್ತುತ್ತಿದ್ದಂತೆ ಮುಂದಿನ ಬಂಪರ್ ಕರ್ರೆಂದು ಎಳೆದುಕೊಂಡಿತು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಹಣ್ಣುಕಾಯಿ ಚೀಲ ಗಟ್ಟಿಯಾಗಿ ಹಿಡಿದುಕೊಂಡು, ‘ಇಷ್ಟು ಕೆಳಗೆ ಯಾಕೋ ಮಾರಾಯ, ಇಳೀತೆ ನಾನು’ ಎಂದಳು.

ಎರಡನೆಯ ಕೊಯ್ಲಿನ ದುಡ್ಡಿನಲ್ಲಿ ಕಾರನ್ನು ಮೂಲ ಎತ್ತರಕ್ಕೆ ತಂದೆ. ಎತ್ತರ ಹಳೆಯದೇ, ಶಾಕ್ ಅಬ್ಸಾರ್ಬರ್ ಮಾತ್ರ ಸ್ವಲ್ಪ ಬಿಗಿ. ಕಾರು ತಿರುವಿನಲ್ಲಿ ವಾಲುವುದನ್ನು ತಡೆಯುವುದು ಅದರ ಬಿಗಿ. ಊರಿನ ಹಂಪು, ಕಾಲುಸಂಕದ ಅಂಚು, ತೋಟದ ಕಚ್ಚಾ ದಾರಿ ದಾಟಿಸುವುದು ಎತ್ತರ. ಕತ್ತರಿಸಿದ ಸ್ಪ್ರಿಂಗ್ ಎರಡನ್ನೂ ಕೆಡಿಸುತ್ತದೆ. ಅದು ಅಪಾಯವೂ ಹೌದು.

ದೀಪದ ವಿಚಾರದಲ್ಲಿ ನನಗೆ ಸಿಟ್ಟೇ ಇದೆ. ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಹಾಕಿಸಿಕೊಂಡು ಮಂಜಿನಲ್ಲಿ ಹೊರಟವರಿಗೆ ಎದುರಿನ ಬೈಕಿನವನು ಕುರುಡನಾಗುವುದು ತಿಳಿಯದು. ಮಂಜಿಗೆ ಬಡಿದ ಬಿಳಿ ಬೆಳಕು ತಮ್ಮ ಕಣ್ಣಿಗೇ ಮರಳಿ ಬರುವುದು ಮಾತ್ರ ಬೇಗ ತಿಳಿಯುತ್ತದೆ. ಆಗುಂಬೆ, ಹುಲಿಕಲ್ಲಿನ ಮಂಜಿಗೆ ಬೇಕಾದ್ದು ಬಂಪರಿನ ಕೆಳಗೆ ತಗ್ಗಿನಲ್ಲಿ, ಅಗಲಕ್ಕೆ ಹರಡುವ ಹಳದಿ ದೀಪ. ರಸ್ತೆಯ ಅಂಚು ಕಂಡರೆ ಸಾಕು, ದೂರ ಹೇಗೂ ಕಾಣದು.

ಎಂಜಿನ್ ಮುಟ್ಟುವುದಾದರೆ

ಮೂರನೆಯ ಕೊಯ್ಲಿಗೆ ಎಂಜಿನ್ನಿನ ಸರದಿ ಬಂತು. ಎಂಜಿನ್ ಶಕ್ತಿ ಹೆಚ್ಚಿಸಲು ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತಾರೆ: ಒಳಗೆ ಹೋಗುವ ಗಾಳಿಯ ದಾರಿ ಸಲೀಸು ಮಾಡುವುದು, ಹೊಗೆ ಹೊರಬರುವ ದಾರಿ ಸಲೀಸು ಮಾಡುವುದು, ಎಂಜಿನ್ನಿನ ಕಂಪ್ಯೂಟರಿನಲ್ಲಿ ಪೆಟ್ರೋಲಿನ ಲೆಕ್ಕ ತಿದ್ದುವುದು. ಟರ್ಬೊ ಇಲ್ಲದ ಕಾರಿನಲ್ಲಿ ಇವೆಲ್ಲ ಸೇರಿಯೂ ಕೊಡುವುದು ಸ್ವಲ್ಪವೇ. ಅದಕ್ಕೆ ಲಕ್ಷ ಸುರಿಯುವವರಿಗೆ ಇದು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಗಾಳಿಯ ದಾರಿಯಲ್ಲಿ ಮಲೆನಾಡಿಗೇ ಸೇರಿದ ಒಂದು ಅಪಾಯವಿದೆ. ತಣ್ಣನೆಯ ಗಾಳಿ ಸಿಗಲಿ ಎಂದು ಫಿಲ್ಟರನ್ನು ಬಂಪರಿನ ಹಿಂದೆ ತಗ್ಗಿನಲ್ಲಿ ಕೂರಿಸುವ ಕಿಟ್‌ಗಳು ಸಿಗುತ್ತವೆ. ಮಳೆಗಾಲದಲ್ಲಿ ರಸ್ತೆಗೆ ಅಡ್ಡ ಹರಿಯುವ ಹಳ್ಳ ದಾಟುವಾಗ ಆ ಫಿಲ್ಟರ್ ಗಾಳಿಯ ಬದಲು ನೀರು ಹೀರುತ್ತದೆ. ಗಾಳಿಯನ್ನು ಪಿಸ್ಟನ್ ಕುಗ್ಗಿಸಬಲ್ಲದು, ನೀರನ್ನು ಕುಗ್ಗಿಸಲಾರದು. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಅಲ್ಲೇ ಮುಗಿಯುತ್ತದೆ. ನಾನು ಕಂಪನಿಯ ಗಾಳಿಪೆಟ್ಟಿಗೆಯನ್ನೇ ಉಳಿಸಿಕೊಂಡು ಒಳಗಿನ ಫಿಲ್ಟರ್ ಮಾತ್ರ ಬದಲಿಸಿದೆ. ಸೈಲೆನ್ಸರನ್ನೂ ಮೂಲದ್ದೇ ಇಟ್ಟುಕೊಂಡೆ. ಆ ಎಂಜಿನ್ನಿನ ದನಿ ಚೆಂದವಿರುವುದು ಎಂಜಿನ್ನಿನಿಂದ, ಡಬ್ಬದಿಂದಲ್ಲ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ₹5,000 ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಎಂದಾಯಿತು. ಬಂಪರಿನ ಮುಂದೆ ಕೂರಿಸುವ ಬುಲ್ ಬಾರ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು.

ಹಾಗಾಗಿ ಸಿಟಿಗೆ ಬೇರೆ ಎಂಜಿನ್, ಜಿಪ್ಸಿಗೆ ಎತ್ತರದ ದೇಹ, ಭಾರೀ ಟೈರು ಎಂಬುದೆಲ್ಲ ಸಾರ್ವಜನಿಕ ರಸ್ತೆಯಲ್ಲಿ ತೊಂದರೆಗೆ ದಾರಿ. ಅಪಘಾತವಾದರೆ, ತಿಳಿಸದೆ ಮಾಡಿದ ಮಾರ್ಪಾಡನ್ನು ಮುಂದೊಡ್ಡಿ ವಿಮೆಯವರು ತಕರಾರು ತೆಗೆಯಬಹುದು. ಬ್ರೇಕ್ ಆಯಿಲ್, ಪ್ಯಾಡ್, ಒಳ್ಳೆಯ ಶಾಕ್, ಸರಿಯಾದ ಅಳತೆಯ ಟೈರು ಇವೆಲ್ಲ ಹಳೆಯದರ ಜಾಗಕ್ಕೆ ಉತ್ತಮವಾದ್ದನ್ನು ಹಾಕುವ ಕೆಲಸ. ನೋಂದಣಿ ಪತ್ರದ ಯಾವ ಸಾಲೂ ಬದಲಾಗುವುದಿಲ್ಲ. ಒಳ್ಳೆಯ ತಿದ್ದುಪಡಿಗೂ ಕಾನೂನಿಗೂ ಜಗಳ ನಾವು ಅಂದುಕೊಂಡಷ್ಟಿಲ್ಲ.

ವೇಗ ಬೇಕಾದವರಿಗೆ ಜಾಗ ಇದೆ

ಘಾಟಿಯನ್ನು ತೋಗೆ ಎಂದುಕೊಂಡು ರಾತ್ರಿ ಪೈಪೋಟಿಗೆ ಇಳಿಯುವ ಹುಡುಗರಿಗೆ ನಾನು ಕೈಮುಗಿದು ಹೇಳುವುದಿದೆ. ಭಾರೀ ಲಾರಿಗೆ ಪ್ರವೇಶವಿಲ್ಲದ ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸುಗಳೇ ಜನರ ಜೀವನಾಡಿ. ಆ ಬಸ್ಸಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಹೊರಟ ರೋಗಿಗಳಿರುತ್ತಾರೆ. ಬಾಳೆಬರೆ ಎಂದೂ ಕರೆಯುವ ಹುಲಿಕಲ್ ಘಾಟಿಯಲ್ಲಿ ಚಂಡಿಕಾಂಬೆಯ ಗುಡಿ ಮುಂದೆ ಗಾಡಿ ನಿಲ್ಲಿಸಿ ಕೈಮುಗಿದು ಮುಂದೆ ಹೋಗುವವರಿರುತ್ತಾರೆ. ಈ ಕಾಡುಗಳು ಸಿಂಗಳೀಕದ ಮನೆ. ಮಳೆ ಬಿದ್ದ ರಾತ್ರಿ ರಸ್ತೆಯ ತುಂಬ ಕಪ್ಪೆಗಳು. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು 189ನೇ ಸೆಕ್ಷನ್ ಪ್ರಕಾರ ಅಪರಾಧ. ಕಾನೂನು ಇಲ್ಲದಿದ್ದರೂ ಅದು ತಪ್ಪೇ.

ವೇಗದ ಆಸೆ ತಪ್ಪಲ್ಲ. ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ರಾಷ್ಟ್ರೀಯ ರ‍್ಯಾಲಿಗಳು ನಡೆದಿವೆ, ಏಷ್ಯಾ–ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತುಗಳೂ ನಡೆದಿವೆ. ಆ ಚಾಂಪಿಯನ್‌ಷಿಪ್ಪನ್ನು ಮೂರು ಬಾರಿ ಗೆದ್ದ ಗೌರವ್ ಗಿಲ್ ಆ ಮಣ್ಣಿನಲ್ಲಿ ಓಡಿದವರು. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರ್ ಕ್ರೀಡಾಪಟು. ಅವರ ಪೀಳಿಗೆಯವರು ವರ್ಷಗಟ್ಟಲೆ ಓಡಿಸಿದ್ದು ಮಿತ್ಸುಬಿಷಿ ಸೀಡಿಯಾ, 2006ರಲ್ಲಿ ಬಂದ 2 ಲೀಟರ್ ಎಂಜಿನ್ನಿನ ಲ್ಯಾನ್ಸರ್. ಕೊಯ್ಲು ಮುಗಿದ ಗದ್ದೆಬಯಲಲ್ಲಿ ಆಟೊಕ್ರಾಸ್ ನಡೆಸುವುದು ಮಲೆನಾಡಿನಲ್ಲಿ ಹೊಸದಲ್ಲ: ರಿಬ್ಬನ್ ಕಟ್ಟಿದ ಗೂಟಗಳ ನಡುವೆ ಒಬ್ಬೊಬ್ಬರೇ ಗಡಿಯಾರದ ಮೇಲೆ ಓಡುವುದು, ಹೆಲ್ಮೆಟ್ಟು, ಬೆಲ್ಟು, ಪಕ್ಕದಲ್ಲಿ ಆಂಬುಲೆನ್ಸು. ಜಿಪ್ಸಿ ಅಲ್ಲೇ ತನ್ನ ನಿಜರೂಪ ತೋರುತ್ತದೆ. 2018–19ರ ಹೊತ್ತಿಗೆ ಸಾಮಾನ್ಯ ಗ್ರಾಹಕರಿಗೆ ಅದರ ಮಾರಾಟ ನಿಂತರೂ ಹಳೆಯ ಜಿಪ್ಸಿಗೆ ಈ ಕಡೆ ಬೇಡಿಕೆ ತಗ್ಗಿಲ್ಲ.

ಸೇತುವೆ ಬಂದ ಮೇಲೆ

2025ರ ಜುಲೈ 14ರಂದು ಸಿಗಂದೂರಿನ ದಾರಿಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಲಿಂಗನಮಕ್ಕಿಯ ಹಿನ್ನೀರು ಆವರಿಸಿದಾಗಿನಿಂದ ದ್ವೀಪದಂತಾಗಿದ್ದ ತುಮರಿ ಕಡೆಯ ಜನ ಕಾದ ದಶಕಗಳ ಮುಂದೆ ಒಂದು ಕಾರಿಗಾಗಿ ನಾನು ಕಾದದ್ದು ಏನೂ ಅಲ್ಲ. ಮಳೆ ಸ್ವಲ್ಪ ಹೊಳವಾದ ಒಂದು ದಿನ ಅಮ್ಮನನ್ನು ಕೂರಿಸಿಕೊಂಡು ಹೊರಟೆ. ನಾಲ್ಕನೆಯ ಕೊಯ್ಲಿನ ದುಡ್ಡಿನಲ್ಲಿ ಬಾಗಿಲಿನ ರಬ್ಬರ್‌ಗಳನ್ನು ಬದಲಿಸಿದ್ದೆ, ಗಾಳಿಯ ಸದ್ದು ಒಳಗೆ ಬರುತ್ತಿರಲಿಲ್ಲ. ಸೇತುವೆಯ ನಡುವೆ, ಎರಡೂ ಕಡೆ ಕೆಂಪು ನೀರು. ಅಮ್ಮ ಕಿಟಕಿಯ ಗಾಜು ಇಳಿಸಿ, ಹಳೆಯ ಲಾಂಚು ನಿಲ್ಲುತ್ತಿದ್ದ ದಡ ಎಲ್ಲಿ ಎಂದು ಹುಡುಕಿದಳು. ಅಲ್ಲಿ ಮೂರನೇ ಗೇರಿನಲ್ಲೇ ಹೋದೆ. ಎಂಜಿನ್ನಿಗೆ ಎರಡನೇ ಉಸಿರು ಬೇಕಾಗಲಿಲ್ಲ.

ಬಂಪರಿನ ಅಡಿಯಲ್ಲಿ ಲಾಂಚಿನ ತಟ್ಟು ಎಳೆದ ಎರಡು ಗೀರು ಹಾಗೇ ಇವೆ, ಬಣ್ಣ ಹೊಡೆಸಿಲ್ಲ. ಬಲಗಡೆ ಹಿಂಬದಿಯ ಚಕ್ರದ ಕಮಾನಿನಲ್ಲಿ ಈ ಮಳೆಗಾಲ ಕಳೆದ ಮೇಲೆ ಗುಳ್ಳೆಯೊಂದು ಎದ್ದಿದೆ. ಉಗುರಿನಿಂದ ಒತ್ತಿದರೆ ಒಳಗೆ ಪೊಳ್ಳು. ಈ ಸಲದ ರಾಶಿ ಮಂಡಿಗೆ ಹೋದ ಮೇಲೆ ಆ ತಗಡು ಕತ್ತರಿಸಿ ಹೊಸದು ಬೆಸೆಯಬೇಕು. ಮೆಕ್ಯಾನಿಕ್ ಅಣ್ಣನಿಗೆ ಹೇಳಿಟ್ಟಿದ್ದೇನೆ, ಜನವರಿಯಲ್ಲಿ ಬನ್ನಿ ಎಂದಿದ್ದಾನೆ.